ಹಗ್ಗ ಬಿತ್ತು, ಮೇನ್ ತೆಗಿ

ಆ ಜಿಪಿಎಸ್ಸನ್ನು ಕೆಡಿಸಿದವನು ನಾನೇ. ಕೈಯಿಂದಲ್ಲ, ಬಾಯಿಂದ. ಸ್ಕ್ರೂಡ್ರೈವರ್ ಜಾರಲಿಲ್ಲ, ವೈರು ತಿರುವುಮುರುವಾಗಲಿಲ್ಲ, ಚಾ ಚೆಲ್ಲಲಿಲ್ಲ. ಒಂದೇ ಒಂದು ಸಾಲು ಕೂಗಿದೆ, ಅದೂ ನನ್ನದಲ್ಲದ ದನಿಯಲ್ಲಿ. ಪೆಟ್ಟಿಗೆ ಕಣ್ಣು ಮುಚ್ಚಿತು. ಡಿಪ್ಲೊಮಾ ಓದುವಾಗ ಯಂತ್ರಗಳು ಕೆಡುವ ಬಗೆಗಳನ್ನು ಪಾಠ ಮಾಡಿದ್ದರು. ಈ ಬಗೆಯನ್ನು ಯಾರೂ ಹೇಳಿರಲಿಲ್ಲ. ಇದು ನನ್ನ ಸ್ವಂತ ಸಂಶೋಧನೆ.

ಹೊಸ ಶತಮಾನಕ್ಕೆ ಇನ್ನೂ ಹಲ್ಲು ಬರುತ್ತಿದ್ದ ಕಾಲ. ಹೊನ್ನಾವರದ ಪೇಟೆಯಲ್ಲಿ ಒಬ್ಬ ದರ್ಜಿಯ ಅಂಗಡಿಗೆ ಅಂಟಿಕೊಂಡ ಗೂಡಿನಲ್ಲಿ ನನ್ನ ರಿಪೇರಿ ನಡೆಯುತ್ತಿತ್ತು. ಟಿವಿ, ಡಿಶ್ಶಿನ ಡಬ್ಬಿ, ಬೋಟಿನವರ ವೈರ್‌ಲೆಸ್ಸು, ಆಮೇಲಾಮೇಲೆ ಕಡಲಲ್ಲಿ ದಾರಿ ತೋರಿಸುವ ಜಿಪಿಎಸ್ಸು. ರಿಪೇರಿಗೆ ಬರುವವರಿಗಿಂತ ಮಿಮಿಕ್ರಿ ಕೇಳಲು ಬರುವವರೇ ಹೆಚ್ಚು. ಕುಮಟಾ ಬಸ್ಸಿನ ಕಂಡಕ್ಟರು ಕರ್ಕಿ, ಹಳದೀಪುರ, ಧಾರೇಶ್ವರ ಎಂದು ಒಂದೇ ಉಸಿರಿನಲ್ಲಿ ಊರುಗಳನ್ನು ನುಂಗುವುದು, ಪಕ್ಕದ ದರ್ಜಿ ಬಾಯಲ್ಲಿ ಗುಂಡಿ ಇಟ್ಟುಕೊಂಡೇ ಗಿರಾಕಿಗೆ ಸುಳ್ಳು ಹೇಳುವುದು, ನಮ್ಮಪ್ಪ ಸಿಟ್ಟು ಬಂದಾಗ ಶುದ್ಧ ಪುಸ್ತಕದ ಕನ್ನಡಕ್ಕೆ ಇಳಿಯುವುದು, ಎಲ್ಲವೂ ನನ್ನ ಗಂಟಲಲ್ಲಿ ಇದ್ದವು. ನನ್ನನ್ನೂ ನಾನು ಬಿಟ್ಟವನಲ್ಲ. ಯಂತ್ರದಲ್ಲಿ ಏನಾಗಿದೆಯೆಂದು ಒಂದಿಷ್ಟೂ ತಿಳಿಯದಾಗ ಕನ್ನಡಕ ಮೇಲೆತ್ತಿ, ಡಾಕ್ಟರ ಗಾಂಭೀರ್ಯದಲ್ಲಿ 'ಐಸಿ ಹೋಗಿದೆ' ಎನ್ನುವ ನನ್ನದೇ ದನಿಗೆ ಹೆಚ್ಚು ಬೇಡಿಕೆ ಇತ್ತು.

ಒಬ್ಬರ ದನಿಯನ್ನು ಮಾತ್ರ ಯಾರೆದುರೂ ತೆಗೆದಿರಲಿಲ್ಲ. ಶರಾವತಿ ಹೊಳೆಯಾಚೆ ಕಾಸರಕೋಡಿನ ಧಕ್ಕೆಯ ಕಟ್ಟೆಗೆ ತಂದು ಕಟ್ಟುತ್ತಿದ್ದ ಒಂದು ಟ್ರಾಲ್ ಮೀನುಗಾರಿಕೆ ಬೋಟಿನ ತಾಂಡೇಲರದು. ಬೋಟು ಅವರದೇ, ಕಡಲಿನಲ್ಲಿ ಅದನ್ನು ನಡೆಸುವವರೂ ಅವರೇ. ಅವರ ದನಿ ಹೊಟ್ಟೆಯಿಂದ ಎದ್ದು, ಗಂಟಲಲ್ಲಿ ಎರಡಾಗಿ ಸೀಳಿ, ಮೂಗಿನಲ್ಲಿ ಮುಗಿಯುತ್ತಿತ್ತು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ದನಿ. ಅದನ್ನು ನಾನು ಶರಾವತಿಯ ಸೇತುವೆ ಮೇಲೆ ಬೈಕಿನಲ್ಲಿ ಹೋಗುವಾಗ, ಗಾಳಿಗೆ ಬಿಟ್ಟು ಬೇರೆ ಯಾರಿಗೂ ಕೇಳದ ಹಾಗೆ, ಎಷ್ಟೋ ಕಾಲದಿಂದ ಅಭ್ಯಾಸ ಮಾಡುತ್ತಿದ್ದೆ. ಊರಲ್ಲಿ ಪ್ರದರ್ಶನ ಕೊಡಲು ಧೈರ್ಯ ಇರಲಿಲ್ಲ. ಅವರ ಕೈ ನನ್ನ ಮುಖಕ್ಕಿಂತ ಅಗಲ.

ಅವರ ಬೋಟಿನಲ್ಲಿ ಒಂದು ಪದ್ಧತಿ ಇತ್ತು. ಹಿಂದೊಮ್ಮೆ ದಡಕ್ಕೆ ಕಟ್ಟಿದ ಬೋಟಿನಲ್ಲಿ ವೈರು ಕಾದು ಕ್ಯಾಬಿನ್ನಿಗೆ ಬೆಂಕಿ ಹತ್ತಿತ್ತಂತೆ. ಅಂದಿನಿಂದ ಧಕ್ಕೆಗೆ ಹಗ್ಗ ಎಸೆದ ಕ್ಷಣವೇ ತಾಂಡೇಲರು 'ಹಗ್ಗ ಬಿತ್ತು, ಮೇನ್ ತೆಗಿಯಾ' ಎಂದು ಕೂಗಬೇಕು. ಕೆಳಗೆ ಎಂಜಿನ್ನಿನ ಹತ್ತಿರ ಇರುವ ಡ್ರೈವರ್ ಬ್ಯಾಟರಿಯ ಮೇನ್ ಸ್ವಿಚ್ಚನ್ನು ಎಳೆದು, ಆ ಕೈಯನ್ನೇ ಹಣೆಗೆ ಮುಟ್ಟಿಸಿಕೊಳ್ಳಬೇಕು. ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ದೀಪ, ವೈರ್‌ಲೆಸ್ಸು, ಜಿಪಿಎಸ್ಸು ಎಲ್ಲವೂ ಒಟ್ಟಿಗೆ ಆರಬೇಕು. ಡ್ರೈವರನಿಗೆ ಆ ಕೂಗು ಕಿವಿಗೆ ಹೋಗಿ ಮಿದುಳಿನ ದಾರಿ ಹಿಡಿಯುತ್ತಿರಲಿಲ್ಲ, ನೇರ ಕೈಗೇ ಬರುತ್ತಿತ್ತು.

ಡ್ರೈವರ್ ತಾಂಡೇಲರ ಹೆಂಡತಿಯ ತಮ್ಮ. ಒಳ್ಳೆಯ ಕೆಲಸಗಾರ, ಆದರೆ ಹಿಂದೆ ಕುಡಿತ ಇತ್ತು. ಅಕ್ಕ ದೇವರ ದೀಪದೆದುರು ಆಣೆ ಹಾಕಿಸಿ ಬಿಡಿಸಿದ್ದಳು. ಗಂಡನ ಬೋಟಿನಲ್ಲಿ ಅವನಿಗೆ ಜಾಗ ಕೊಡಿಸಿದವಳೂ ಅವಳೇ. 'ಬಾಟ್ಲಿ ಮುಟ್ಟಿದ್ದ ದಿನ ಇವ್ನ ಬೋಟಿಂದ ಇಳ್ಸಿ, ನಾ ಕೇಳೂದಿಲ್ಲ' ಎಂಬ ಕರಾರಿನ ಮೇಲೆ.

ಮಳೆಗಾಲದ ಮೀನುಗಾರಿಕೆ ರಜೆ ಮುಗಿಯುವ ಹೊತ್ತು. ಬೋಟುಗಳನ್ನೆಲ್ಲ ದಡಕ್ಕೆ ಕಟ್ಟಿದ್ದರು. ಬಲೆ ಹೊಲಿಯುವುದು, ಬಣ್ಣ ಬಳಿಯುವುದು ನಡೆದಿತ್ತು. ತಾಂಡೇಲರು ನನ್ನನ್ನು ಕರೆಸಿದರು. ಭಟ್ಕಳದಿಂದ ತಂದ ಅವರ ಜಿಪಿಎಸ್ಸು ಕಳೆದ ಸೀಸನ್ನಿನ ಕೊನೆಯಿಂದ ಏಳಲು ಸತಾಯಿಸುತ್ತಿತ್ತು. ಬಟನ್ ಒತ್ತಿದರೆ ಕಂಪನಿಯ ಗುರುತು ತೋರಿಸಿ ಧ್ಯಾನಕ್ಕೆ ಕೂರುತ್ತಿತ್ತು. ಮಾರಿದ ಅಂಗಡಿಯವರು ಹೊಸ ಸಾಫ್ಟ್‌ವೇರನ್ನು ಒಂದು ಕಾರ್ಡಿನಲ್ಲಿ ಹಾಕಿ ಕಳಿಸಿದ್ದರು.

'ಪಾಯಿಂಟು ಹೋಗೂದಿಲ್ಲ ಅಲ್ದಾ?' ತಾಂಡೇಲರು ಕೇಳಿದರು.

ಪಾಯಿಂಟು ಅಂದರೆ ಕಡಲೊಳಗೆ ಅವರು ಗುರುತು ಹಾಕಿಟ್ಟ ಜಾಗಗಳು. ಎಲ್ಲಿ ಕಲ್ಲಿದೆ, ಎಲ್ಲಿ ಮುಳುಗಿದ ಹಳೆಯ ಹಡಗಿನ ಕಬ್ಬಿಣ ಇದೆ, ಬಲೆ ಎಲ್ಲಿ ಬಿಡಬಾರದು ಎಂಬುದೆಲ್ಲ. ಒಂದೊಂದು ಪಾಯಿಂಟಿನ ಹಿಂದೆ ಒಂದೊಂದು ಹರಿದ ಬಲೆ ಇತ್ತು. ಬೇರೆ ಬೋಟಿನವರ ಕೈಗೆ ಸಿಕ್ಕೀತೆಂದು ಅವನ್ನು ಅವರು ಇನ್ನೆಲ್ಲೂ ಇಟ್ಟಿರಲಿಲ್ಲ.

'ಮೊದ್ಲು ಒಂದು ಕಾಪಿ ತೆಕ್ಕಂಡು ಬಿಡ್ವ' ಎಂದೆ.

'ಕಾಪಿಗೀಪಿ ಬೇಡ. ಕಾಪಿ ಅಂದ್ರೆ ಊರಿಗೆಲ್ಲ ಹಂಚ್ದ ಹಂಗೇ. ಅದ್ರೊಳ್ಗೆ ಇದ್ದಿದ್ದು ಅದ್ರೊಳ್ಗೇ ಇರ್ಲಿ.'

ಕಾರ್ಡು ತೂರಿಸಿ ಶುರು ಮಾಡಿದೆ. ಪರದೆಯ ಮೇಲೆ ಒಂದು ಪಟ್ಟಿ ತುಂಬತೊಡಗಿತು. ಅದರ ಕೆಳಗೆ, ಕರೆಂಟು ತೆಗೆಯಬೇಡಿ ಎಂಬ ಇಂಗ್ಲಿಷ್ ಎಚ್ಚರಿಕೆ. ತಾಂಡೇಲರು ಅದನ್ನು ಸ್ವಲ್ಪ ನೋಡಿ, 'ನಾ ಚಾ ಕುಡ್ಕಂಡ್ ಬರ್ತೆ' ಎಂದು ಧಕ್ಕೆಗೆ ಹತ್ತಿದರು. ಡ್ರೈವರ್ ಕೆಳಗೆ ಎಂಜಿನ್ನಿನ ನಟ್ಟು ಬಿಗಿ ಮಾಡುತ್ತ, ಅವನಷ್ಟಕ್ಕೆ ಏನೋ ಗುನುಗುತ್ತಿದ್ದ.

ಪಟ್ಟಿ ಆಮೆಯ ಹಾಗೆ ಹೋಗುತ್ತಿತ್ತು. ಬೇಜಾರು ಬಂದರೆ ನನ್ನ ಗಂಟಲು ತುರಿಸುತ್ತದೆ. ಕೆಳಗಿನವನನ್ನು ಒಮ್ಮೆ ಬೆಚ್ಚಿಬೀಳಿಸಿ ನಗೋಣ ಎಂದಷ್ಟೇ ಇತ್ತು. ಮೇನ್ ಎಂಬ ಮಾತಿನ ಅರ್ಥ ಆ ಹೊತ್ತಿಗೆ ನನ್ನ ತಲೆಯಲ್ಲಿ ಇರಲೇ ಇಲ್ಲ. ಹೊಟ್ಟೆಯಿಂದ ಎಬ್ಬಿಸಿ, ಗಂಟಲಲ್ಲಿ ಸೀಳಿ, ಮೂಗಿನಲ್ಲಿ ಮುಗಿಸಿದೆ.

'ಹಗ್ಗ ಬಿತ್ತು, ಮೇನ್ ತೆಗಿಯಾ.'

ಖಟ್ ಎಂದು ಕೇಳಿತು. ಪರದೆ ಕಪ್ಪಾಯಿತು. ಕೆಳಗೆ ಡ್ರೈವರ್ ಕೈಯನ್ನು ಹಣೆಗೆ ಮುಟ್ಟಿಸಿಕೊಂಡಿದ್ದನ್ನು ನಾನು ನೋಡಲಿಲ್ಲ, ಆದರೆ ಮುಟ್ಟಿಸಿಕೊಂಡಿದ್ದ, ಖಂಡಿತ.

ಆ ದನಿ ಎಷ್ಟು ಚೆನ್ನಾಗಿ ಬಂದಿತ್ತು ಎಂದು ಒಂದು ಗಳಿಗೆ ಹೆಮ್ಮೆಯೂ ಆಯಿತು. ಆಮೇಲೆ ಕರೆಂಟು ತೆಗೆಯಬೇಡಿ ಎಂಬ ಆ ಎಚ್ಚರಿಕೆ ನೆನಪಿಗೆ ಬಂತು. ಮೇನ್ ಹಾಕಿಸಿದೆ. ಪರದೆ ಒಮ್ಮೆ ಬೆಳಗಿ, ಗುರುತು ತೋರಿಸಿ, ಆರಿತು. ಮತ್ತೆ ಬೆಳಗಿತು, ಮತ್ತೆ ಆರಿತು. ಹಾಗೆಯೇ, ನಿಲ್ಲದೆ.

ತಾಂಡೇಲರು ಹಿಂದೆ ಬಂದಾಗ ಡ್ರೈವರ್ ಎಣ್ಣೆ ಕೈಯಲ್ಲೇ ಕ್ಯಾಬಿನ್ನಿನಲ್ಲಿ ನಿಂತಿದ್ದ.

'ಮೇನ್ ಯಾಕೆ ತೆಗ್ದೆ?'

'ನೀವೇ ಕೂಗಿದ್ರಲಾ ಬಾವ.'

'ನಾ ಚಾ ಅಂಗಡಿಲಿ ಬೆಂಚಿನ ಮೇಲಿದ್ದೆ. ಕೂಗೂಕೆ ನಂಗೆ ಹುಚ್ಚ?' ಅವರು ಹತ್ತಿರ ಬಂದು ಅವನ ಮುಖದ ಹತ್ತಿರ ಮೂಗು ಒಯ್ದರು. 'ಬೆಳ್ಗಾಗೂದ್ರೊಳ್ಗೇ ಕುಡ್ದಿದ್ದೆ ಅಲ್ದಾ?'

'ಇಲ್ಲ ಬಾವ. ಆಣೆ. ನಾ ಕೇಳಿದ್ದು ಖರೆ.' ಅವನು ನನ್ನ ಕಡೆ ತಿರುಗಿದ. 'ನೀ ಕೇಳ್ಲಿಲ್ವನಾ?'

ನಾನು ಬಾಯಿ ತೆರೆದೆ. ಊರಿನ ಅಷ್ಟೂ ಜನರ ದನಿ ಆಡುವ ಬಾಯಿ. 'ನಾ ಸ್ಕ್ರೀನ್ ನೋಡ್ತಿದ್ದೆ' ಎಂದಿತು ಅದು.

ತಾಂಡೇಲರು ಮೂಗು ಹಿಂದೆ ತೆಗೆದುಕೊಂಡರು. 'ಬೋಟು ಹೊರಡೂದ್ರೊಳ್ಗೆ ಪಾಯಿಂಟು ಬಂದ್ರೆ ಸರಿ. ಬರ್ಲಿಲ್ಲ, ಬೇರೆ ಡ್ರೈವರ್ ನೋಡ್ತೆ. ನಿನ್ನ ಅಕ್ಕಂಗೆ ನೀನೇ ಹೇಳ್ಕ.' ಅಷ್ಟು ಹೇಳಿ ಅವರು ಇಳಿದು ಹೋದರು. ಡ್ರೈವರ್ ನೆಲದ ಕಿಂಡಿಯಿಂದ ಕೆಳಗಿನ ಸ್ವಿಚ್ಚನ್ನೇ ನೋಡುತ್ತ ನಿಂತ. ನನಗೋ ತನಗೋ ಗೊತ್ತಾಗದ ಹಾಗೆ ಹೇಳಿದ: 'ಕುಡಿತ ಬಿಟ್ಟ ಮೇಲೆ ಕಿವಿಲಿ ಏನೇನೋ ಕೇಳ್ತದೆ ಅಂತಾರೆ. ಹಂಗೇ ಏನ.'

ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

ಪೆಟ್ಟಿಗೆಯನ್ನು ಬಿಚ್ಚಿಕೊಂಡು ಅಂಗಡಿಗೆ ತಂದೆ. ಒಳಗೆ ಒಂದು ಫ್ಲ್ಯಾಶ್ ಚಿಪ್ಪಿರುತ್ತದೆ. ಯಂತ್ರದ ನೆನಪೆಲ್ಲ ಅದರಲ್ಲಿ. ಅದರ ಸ್ವಭಾವವನ್ನು ನಾನು ಗಿರಾಕಿಗಳಿಗೆ ಒಣಮೀನಿನ ಲೆಕ್ಕದಲ್ಲಿ ಹೇಳುತ್ತಿದ್ದೆ. ಚಾಪೆಯ ಮೇಲೆ ಹರಡಿದ ಮೀನಿನಲ್ಲಿ ಒಂದನ್ನೇ ಬದಲಿಸುವ ಹಾಗಿಲ್ಲ ಎಂದುಕೊಳ್ಳಿ. ಬದಲಿಸಬೇಕಾದರೆ ಇಡೀ ಚಾಪೆಯನ್ನೇ ಎತ್ತಿ, ಕೊಡವಿ, ಹೊಸದಾಗಿ ಹರಡಬೇಕು. ಫ್ಲ್ಯಾಶೂ ಹಾಗೆಯೇ. ಒಂದು ಅಕ್ಷರ ಬದಲಿಸಲೂ ಅದು ಇರುವ ಅಂಕಣವನ್ನು ಪೂರ್ತಿ ಅಳಿಸಿಯೇ ಹೊಸದು ಬರೆಯಬೇಕು. ಚಾಪೆ ಕೊಡವಿ ಹೊಸ ಮೀನು ಹರಡುವ ಮೊದಲೇ ಮಳೆ ಬಂದರೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಆ ಮಳೆ ನಾನಾಗಿದ್ದೆ.

ಪೆಟ್ಟಿಗೆಯ ಒಳಗಿನ ಮಾತು ಕೇಳಬೇಕಾದರೆ ಅದರ ಬೋರ್ಡಿನ ಸಣ್ಣ ಪಿನ್ನುಗಳಿಗೆ ವೈರು ಹಾಕಿ ಕಂಪ್ಯೂಟರಿಗೆ ಜೋಡಿಸಬೇಕು. ಅದಕ್ಕೆ ಬೇಕಾದ ಕೇಬಲ್ಲು ನನ್ನಲ್ಲಿ ಇರಲಿಲ್ಲ. ಭಟ್ಕಳದಲ್ಲಿ ಇತ್ತು. ಒಂದೆರಡು ದಿನ ಬಿಟ್ಟು ಹೊರಡಬೇಕೆಂದು ಬಾಗಿಲು ಎಳೆಯುವಾಗ ಡ್ರೈವರನ ಅಕ್ಕ ಒಣಮೀನಿನ ಬುಟ್ಟಿ ಹೊತ್ತು ಎದುರು ನಿಂತಿದ್ದಳು.

'ತಮಾ, ಒಂದು ಮಾತು. ಆ ದಿನ ನೀ ಬೋಟಲ್ಲೇ ಇದ್ದೆ. ಖರೆ ಹೇಳು, ವಾಸ್ನೆ ಬಂದಿತ್ತ ಅವನ ಹತ್ರ?'

'ಡೀಸೆಲ್ ವಾಸ್ನೆ ಇತ್ತಕ್ಕ. ಬೇರೆ ಎಂತ ಗೊತ್ತಾಗ್ಲಿಲ್ಲ.'

'ಗೊತ್ತಾಗ್ಲಿಲ್ಲ ಅಂದ್ರೆ ಇತ್ತಾ, ಇರ್ಲಿಲ್ವಾ?'

'ಇರ್ಲಿಲ್ಲ ಅನಿಸ್ತದೆ.'

ಅವಳು ನನ್ನ ಮುಖವನ್ನು ಸ್ವಲ್ಪ ಜಾಸ್ತಿ ಹೊತ್ತು ನೋಡಿದಳು. 'ಅನಿಸ್ತದೆ' ಎಂದು ನನ್ನ ಮಾತನ್ನೇ ತಿರುಗಿ ಹೇಳಿ, ಬುಟ್ಟಿ ಸರಿಮಾಡಿಕೊಂಡು ಹೋದಳು. ಮಿಮಿಕ್ರಿ ನನಗಿಂತ ಅವಳಿಗೆ ಚೆನ್ನಾಗಿ ಬರುತ್ತದೆ ಎಂದು ಆ ಹೊತ್ತಿಗೆ ಅನಿಸಿತು.

ಭಟ್ಕಳದ ಅಂಗಡಿಯಲ್ಲಿ ದುಬೈಯಿಂದ ಬಂದ ಫೋನುಗಳ ನಡುವೆ ಜಿಪಿಎಸ್ಸನ್ನು ಮಾರಿದ ಭಾಯಿ ಕೂತಿದ್ದರು. ಒಳಗಿದ್ದ ತಮ್ಮನ ಜೊತೆ ಮನೆಮಾತಾದ ನವಾಯತಿಯಲ್ಲಿ ಏನೋ ಮುಗಿಸಿ, ನನ್ನ ಕಡೆ ಕನ್ನಡಕ್ಕೆ ತಿರುಗಿದರು. ಅವರ ಮಾತು ಬಹಳ ನಿಧಾನ. ಒಂದು ವಾಕ್ಯ ಹೇಳಿ ಅದು ಸರಿಯಾಗಿ ಕೂತಿತೇ ಎಂದು ನೋಡಿ ಇನ್ನೊಂದನ್ನು ಇಡುತ್ತಿದ್ದರು.

'ಅರ್ಧದಲ್ಲಿ ಕರೆಂಟು ಯಾರು ತೆಗ್ದಿದ್ದು?'

'ಡ್ರೈವರ್.'

'ಹುಂ.' ಅವರು ಬೋರ್ಡನ್ನು ಬೆಳಕಿಗೆ ಹಿಡಿದರು. 'ನೋಡು ಭಾಯಿ, ದಾರಿ ಎರಡು. ಎಲ್ಲಾ ಅಳ್ಸಿ ಹೊಸದು ತುಂಬುದು. ಚಾ ಬರೂದ್ರೊಳಗೆ ಆಗ್ತದೆ, ನಾನೇ ಮಾಡ್ಕೊಡ್ತೆ. ಆದ್ರೆ ಪಾಯಿಂಟು ಉಳಿಯೂದಿಲ್ಲ. ಎರಡ್ನೇದು, ಕೆಟ್ಟ ಜಾಗ ಮಾತ್ರ ಅಳ್ಸಿ ತುಂಬುದು. ಅದಕ್ಕೆ ಸಬರ್ ಬೇಕು, ತಾಳ್ಮೆ. ಎಲ್ಲಿಂದ ಎಲ್ಲಿವರೆಗೆ ಅಳಿಸ್ತೀ ಅಂತ ನೀನೇ ಟೈಪ್ ಮಾಡ್ಬೇಕು. ಒಂದು ಅಂಕಿ ಆಚೀಚೆ ಆದ್ರೆ, ಮೊದಲ್ನೇ ದಾರಿಗೇ ಬಂದ ಹಾಗೆ.'

'ಎರಡ್ನೇದೇ ಮಾಡ್ವ.'

'ಅಂಕಿ ತಪ್ಪೂದಿಲ್ಲ ತಾನೆ?'

'ಇಲ್ಲ' ಎಂದೆ. ಅವರು ನಂಬಿದ ಹಾಗೆ ತಲೆ ಆಡಿಸಿದರು. ಕೇಬಲ್ಲಿನ ಜೊತೆ ಒಂದು ಹಳೆಯ ಲ್ಯಾಪ್‌ಟಾಪನ್ನೂ ಎರವಲು ಕೊಟ್ಟರು. ಅದರ ಬ್ಯಾಟರಿಗೆ ವಯಸ್ಸಾಗಿದೆ, ಅದನ್ನು ನಂಬಿ ದೊಡ್ಡ ಕೆಲಸಕ್ಕೆ ಇಳಿಯಬೇಡ ಎಂಬ ಎಚ್ಚರಿಕೆಯೂ ಜೊತೆಗೆ ಬಂತು.

ಆ ಕೆಟ್ಟ ಜಾಗಕ್ಕೆ ತುಂಬಲು ಸಾಫ್ಟ್‌ವೇರಿನ ಒಳಭಾಗದ ಫೈಲು ಮಾತ್ರ ಬೇರೆಯಾಗಿ ಬೇಕಿತ್ತು. ಅದಕ್ಕೆ ಕುಮಟಾಕ್ಕೆ ಹೋದೆ. ಅಲ್ಲಿನ ಇಂಟರ್ನೆಟ್ ಅಂಗಡಿಯ ಲೈನು ನಮ್ಮೂರಿನದಕ್ಕಿಂತ ಸ್ವಲ್ಪ ಆರೋಗ್ಯವಾಗಿತ್ತು. ಫೈಲು ಇಳಿಯುವಷ್ಟು ಹೊತ್ತು ಇದೇ ರೋಗದ ಬಗ್ಗೆ ಯಾವ್ಯಾವುದೋ ದೇಶದವರು ಬರೆದುಕೊಂಡಿದ್ದನ್ನು ಓದಿದೆ. ಒಂದು ವಿಷಯ ಅಲ್ಲಿ ಗೊತ್ತಾಯಿತು. ಈ ಪೆಟ್ಟಿಗೆ ಓಡುವಾಗಲೆಲ್ಲ ದಾರಿಯನ್ನು ಫ್ಲ್ಯಾಶಿನಲ್ಲಿ ಬರೆದುಕೊಳ್ಳುತ್ತಲೇ ಇರುತ್ತದೆ. ಬರೆಯುವ ನಡುವೆ ದಿನಾ ಕರೆಂಟು ಕಿತ್ತರೆ ಅರ್ಧ ಬರೆದ ಚೂರುಗಳು ಸೇರುತ್ತ ಹೋಗುತ್ತವೆ. ಮುಂದಿನ ಸಲ ಏಳುವಾಗ ಯಂತ್ರ ಪ್ರತಿಯೊಂದು ಅಂಕಣವನ್ನೂ ತಡವಿ ನೋಡಿ, ಸರಿ ಯಾವುದು ಚೂರು ಯಾವುದು ಎಂದು ಆರಿಸುತ್ತದೆ. ಆ ಹೊತ್ತಿನಲ್ಲಿ ಪರದೆ ಸತ್ತ ಹಾಗೆ ಕಾಣುತ್ತದೆ. ಸತ್ತಿತೆಂದು ಮತ್ತೆ ಕರೆಂಟು ತೆಗೆದರೆ ಆರಿಸಿಟ್ಟದ್ದೂ ಹಾಳು. ಎಷ್ಟೇ ಹೊತ್ತಾಗಲಿ, ಮುಟ್ಟಬೇಡಿ, ಎಂದು ಒಬ್ಬ ದಪ್ಪ ಅಕ್ಷರದಲ್ಲಿ ಬರೆದಿದ್ದ.

ಅಂದರೆ ಮೊದಲಿನಿಂದಲೂ ಅದನ್ನು ಸತಾಯಿಸಿದ್ದು ತಾಂಡೇಲರ ಅಸಲಿ ಕೂಗೇ. ನನ್ನ ನಕಲಿ ಕೂಗು ಕೊನೆಯ ಏಟು ಹಾಕಿತ್ತು ಅಷ್ಟೆ. ಇದನ್ನು ಅವರಿಗೆ ಹೇಗೆ ಹೇಳಬಹುದು, ಹೇಳಿದರೆ ನಾನು ಎಷ್ಟು ಪಾಲು ಬಚಾವಾಗಬಹುದು ಎಂದು ನನ್ನೊಳಗಿನ ವಕೀಲ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದ. ಇಂಟರ್ನೆಟ್ ಅಂಗಡಿಯವನಿಗೆ ನನ್ನ ಪರಿಚಯ ಇತ್ತು. 'ಎಂತ ಮಾರಾಯ, ಸುಮ್ನೆ ಕೂತಿದ್ದೆ? ಆ ಕಂಡಕ್ಟರನ್ನ ಒಂದ್ಸಲ ಬಿಡು' ಎಂದ. ಬಾಯಿ ತೆರೆದೆ. ಕರ್ಕಿ ಎಂಬಲ್ಲಿಗೇ ದನಿ ನಿಂತುಹೋಯಿತು. 'ಗಂಟ್ಲು ಕಟ್ಟಿದ್ಯ?' ಎಂದು ಅವನು ಕೇಳಿದ. ಹೌದೆಂದೆ.

ಹೊನ್ನಾವರದಲ್ಲಿ ಆ ಮಳೆಗೆ ಕರೆಂಟು ಯಾವಾಗ ಹೋಗುತ್ತದೋ ಹೇಳುವಂತಿರಲಿಲ್ಲ. ಅಂಗಡಿಯಲ್ಲಿ ಈ ಕೆಲಸ ಮಾಡುವುದೆಂದರೆ ಎರಡನೇ ಸಲ ಕೊಲ್ಲುವುದು. ಕೈಕೊಡದ ಕರೆಂಟು ಇದ್ದದ್ದು ಬೋಟಿನ ದೊಡ್ಡ ಬ್ಯಾಟರಿಯಲ್ಲಿ ಮಾತ್ರ. ಹೀಗಾಗಿ ಕೊಂದ ಜಾಗಕ್ಕೇ ಹೆಣ ಹೊತ್ತುಕೊಂಡು ಹೋದೆ. ಮರುದಿನ ಬೋಟುಗಳು ಹೊರಡುವುದಿತ್ತು. ಧಕ್ಕೆಯ ಮೇಲೆ ಮಂಜುಗಡ್ಡೆಯ ಲಾರಿ ನಿಂತಿತ್ತು, ಬೋಟಿನ ಮೂತಿಗೆ ಹೂವಿನ ಮಾಲೆ ಆಗಲೇ ಬಿದ್ದಿತ್ತು. ಹೊಸ ಡ್ರೈವರನ ಜೊತೆ ಮಾತಾಗಿದೆಯೆಂದು ಯಾರೋ ಹೇಳುತ್ತಿದ್ದರು. ಹಳೆಯ ಡ್ರೈವರ್ ಬಟ್ಟೆಯ ಚೀಲವನ್ನು ಬೋಟಿನಿಂದ ಇಳಿಸಿಯೂ ಇರಲಿಲ್ಲ, ಒಳಗೆ ಇಟ್ಟೂ ಇರಲಿಲ್ಲ. ಅಂಚಿನ ಹಲಗೆಯ ಮೇಲೆ ಇತ್ತು.

'ಬರ್ತದನಾ?' ಎಂದ.

'ಬರ್ಬೇಕು' ಎಂದೆ.

ಕ್ಯಾಬಿನ್ನಿನಲ್ಲಿ ಪೆಟ್ಟಿಗೆ ಜೋಡಿಸಿ, ಕೇಬಲ್ಲು ಹಾಕಿ, ಮೇನ್ ಕೊಡಿಸಿದೆ. ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಸಾಲುಗಳು ಓಡಿದವು. ಯಂತ್ರವನ್ನು ಎಬ್ಬಿಸುವ ಮೊದಲ ಪುಟ್ಟ ಪ್ರೋಗ್ರಾಮು ಎದ್ದಿತು; ಅದು ಜೀವಂತ ಇತ್ತು. ಆಮೇಲೆ ಚಿಪ್ಪಿನ ಹಂಚಿಕೆ ತೋರಿಸಿತು: ಇಲ್ಲಿಂದ ಇಲ್ಲಿವರೆಗೆ ಪ್ರೋಗ್ರಾಮು, ಇಲ್ಲಿಂದ ಮುಂದೆ ಬಳಸುವವರ ಮಾಹಿತಿ, ಅಂದರೆ ಪಾಯಿಂಟು. ಅದರ ಕೆಳಗೆ ತಪ್ಪು, ತಪ್ಪು, ತಪ್ಪು ಎಂದು ಒಂದೇ ಬಗೆಯ ಸಾಲುಗಳು ಜಲಪಾತದ ಹಾಗೆ ಸುರಿದವು. ಕೊನೆಗೆ, ಮುಂದುವರಿಯಲು ಏನೂ ಸಿಗಲಿಲ್ಲ ಎಂದು ಹೇಳಿ ಪೆಟ್ಟಿಗೆ ತಾನೇ ಆರಿ ಮತ್ತೆ ಎದ್ದಿತು. ತಪ್ಪುಗಳೆಲ್ಲ ಪ್ರೋಗ್ರಾಮಿನ ಜಾಗದಲ್ಲೇ ಇದ್ದವು. ಪಾಯಿಂಟಿನ ಜಾಗದವರೆಗೆ ಅದು ಹೋಗಿ ನೋಡಿಯೇ ಇರಲಿಲ್ಲ. ಅಲ್ಲಿ ಎಲ್ಲ ಇದೆಯೋ ಇಲ್ಲವೋ ಆ ದೇವರಿಗೇ ಗೊತ್ತು.

ಅಳಿಸಬೇಕಾದ ಜಾಗದ ಅಂಕಿಗಳನ್ನು ಅವಸರದಲ್ಲಿ ಅಂಗೈ ಮೇಲೆ ಬರೆದುಕೊಂಡೆ. ಫೈಲನ್ನು ಪೆಟ್ಟಿಗೆಯ ತಾತ್ಕಾಲಿಕ ನೆನಪಿಗೆ ಕಳಿಸಿದೆ. ಇರುವೆ ಸಾಲಿನ ಹಾಗೆ ಹೋಯಿತು. ಆ ಹೊತ್ತಿಗೆ ತಾಂಡೇಲರೂ ಕ್ಯಾಬಿನ್ನಿನ ಬಾಗಿಲಲ್ಲಿ ಬಂದು ನಿಂತರು. ಬಾಯಿ ತುಂಬ ಎಲೆ ಅಡಿಕೆಯ ಕವಳ. ಕವಳ ಹಾಕಿದಾಗ ಅವರು ಮಾತಾಡುವುದಿಲ್ಲ, ಹುಬ್ಬಿನಲ್ಲೇ ಎಲ್ಲ.

ಇನ್ನು ಅಳಿಸುವ ಆಜ್ಞೆ. ಅಂಗೈ ತಿರುಗಿಸಿ ನೋಡಿದರೆ ಬೆವರಿಗೆ ಶಾಯಿ ಹರಡಿತ್ತು. ಒಂದು ಅಂಕಿ ಎಂಟೋ ಮೂರೋ ಗೊತ್ತಾಗಲಿಲ್ಲ. ಎಂಟಾದರೆ ಅಳಿಸುವಿಕೆ ಪಾಯಿಂಟಿನ ಜಾಗಕ್ಕೆ ನುಗ್ಗುತ್ತದೆ. ಮೂರಾದರೆ ಅದರ ಮುಂಚೆಯೇ ನಿಲ್ಲುತ್ತದೆ. ಮೂರೇ ಇರಬೇಕು ಎಂದು ಮನಸ್ಸು ಹೇಳಿತು. ಆ ಮನಸ್ಸೇ ಅವತ್ತು ಕೂಗೋಣ ಎಂದೂ ಹೇಳಿತ್ತು.

'ಎಂತ ಆತು?' ಡ್ರೈವರ್ ಕೇಳಿದ.

'ಮೊದಲಿಂದ ಮಾಡ್ಬೇಕು.'

ಪೆಟ್ಟಿಗೆಯನ್ನು ಹೊಸದಾಗಿ ಎಬ್ಬಿಸಿ, ಹಂಚಿಕೆಯ ಸಾಲು ಬಂದಾಗ ಈ ಸಲ ಡ್ರೈವರನಿಗೆ ಗಟ್ಟಿಯಾಗಿ ಓದಲು ಹೇಳಿದೆ. ಅವನು ಇಂಗ್ಲಿಷ್ ಅಂಕಿಗಳನ್ನು ಒಂದೊಂದಾಗಿ, ಶಾಲೆಯ ಮಗ್ಗಿಯ ಹಾಗೆ ಓದಿದ. ಮೂರೇ ಆಗಿತ್ತು. ಫೈಲನ್ನು ಮತ್ತೆ ಕಳಿಸಿದೆ. ಇಷ್ಟರಲ್ಲಿ ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿಯ ಗುರುತು ಕೆಂಪಾಗಿ ಮಿಟುಕಲು ಶುರು ಮಾಡಿತ್ತು. ಆಜ್ಞೆ ಟೈಪು ಮಾಡಿ, ಮತ್ತೆ ಓದಿ, ಡ್ರೈವರನಿಂದಲೂ ಓದಿಸಿ, ಎಂಟರ್ ಒತ್ತಿದೆ. ಅಳಿಸಿತು. ಬರೆಯತೊಡಗಿತು. ಪೆಟ್ಟಿಗೆಗೆ ಬೋಟಿನ ಬ್ಯಾಟರಿ ಇತ್ತು, ಅದು ನಿಲ್ಲುವುದಿಲ್ಲ. ಲ್ಯಾಪ್‌ಟಾಪಿನದು ಮಾತ್ರ ಭಯ. ಬರೆದು ಮುಗಿಯಿತು ಎಂಬ ಸಾಲು ಬಂದದ್ದನ್ನು ನೋಡಿ, ಪೆಟ್ಟಿಗೆಗೆ ಏಳು ಎಂಬ ಆಜ್ಞೆ ಕೊಟ್ಟೆ. ಅದು ಮೊದಲ ಸಾಲು ಹೇಳಿತು. ಅಷ್ಟರಲ್ಲಿ ಲ್ಯಾಪ್‌ಟಾಪು ಕಣ್ಣು ಮುಚ್ಚಿತು.

ಇನ್ನು ಒಳಗೆ ಏನು ನಡೆಯುತ್ತಿದೆ ಎಂದು ತಿಳಿಯುವ ದಾರಿಯೇ ಇರಲಿಲ್ಲ. ಜಿಪಿಎಸ್ಸಿನ ಪರದೆಯ ಮೇಲೆ ಕಂಪನಿಯ ಗುರುತು ಬಂದು ಕೂತಿತು. ಆರಲಿಲ್ಲ, ಅದೊಂದು ಒಳ್ಳೆಯದು. ಮುಂದೆಯೂ ಹೋಗಲಿಲ್ಲ. ತಡವಿ ನೋಡುತ್ತಿದೆ, ಆರಿಸುತ್ತಿದೆ, ಎಂದು ನನಗೆ ನಾನೇ ಹೇಳಿಕೊಂಡೆ. ಮುಟ್ಟಬೇಡಿ ಎಂದಿದ್ದ ದಪ್ಪ ಅಕ್ಷರ ಕಣ್ಣೆದುರಿಗೆ ಬಂತು. ಧಕ್ಕೆಯ ಮೇಲೆ ಮಂಜುಗಡ್ಡೆ ಪುಡಿಮಾಡುವ ಸದ್ದು. ತಾಂಡೇಲರ ದವಡೆ ನಿಧಾನಕ್ಕೆ ಆಡುತ್ತಿತ್ತು. ಪರದೆ ಹಾಗೇ ಇತ್ತು. ತಾಂಡೇಲರು ಹುಬ್ಬು ಎತ್ತಿ ನನ್ನ ಕಡೆ ನೋಡಿದರು. ಆಮೇಲೆ ಡ್ರೈವರನ ಚೀಲದ ಕಡೆ ನೋಡಿದರು.

ಆ ನೋಟ ಡ್ರೈವರನಿಗೆ ತಾಗಿತು. 'ಹಿಡ್ಕಂಡು ಕೂತದೆ ಇದು. ಒಂದ್ಸಲ ತೆಗ್ದು ಹಾಕಿ ನೋಡ್ವ' ಎನ್ನುತ್ತ ಕೆಳಗೆ ಇಳಿದ.

'ಬೇಡ, ಇರ್ಲಿ' ಎಂದೆ.

ಅವನು ನಿಲ್ಲಲಿಲ್ಲ. ನನ್ನ ಸ್ವಂತ ದನಿಯಲ್ಲಿ ಹೇಳಿದ ಮಾತನ್ನು ಆ ಊರಲ್ಲಿ ಯಾರೂ ಯಾವತ್ತೂ ಮಾತು ಎಂದು ಲೆಕ್ಕಕ್ಕೆ ತೆಗೆದುಕೊಂಡವರಲ್ಲ, ತಪ್ಪು ಅವರದಲ್ಲ. 'ಅಣ್ಣಾ, ಬೇಡ' ಎಂದು ಇನ್ನೊಮ್ಮೆ ಹೇಳಿದೆ. ಕ್ಯಾಬಿನ್ನಿನ ನೆಲದ ಕಿಂಡಿಯಿಂದ ಕಂಡಿತು: ಅವನ ಕೈ ಸ್ವಿಚ್ಚಿನ ಹಿಡಿಕೆಯ ಮೇಲೆ ಕೂತಿತ್ತು. ನಾನು ಇಳಿದು ತಲುಪುವಷ್ಟು ಹೊತ್ತಿರಲಿಲ್ಲ.

ಹೊಟ್ಟೆಯಿಂದ ಎಬ್ಬಿಸಿದೆ. ಗಂಟಲಲ್ಲಿ ಸೀಳಿದೆ.

'ಮೇನ್ ಮುಟ್ಬೇಡವಾ.'

ಕೈ ಅಲ್ಲೇ ಕಲ್ಲಾಯಿತು. ಆಮೇಲೆ ಮೆಲ್ಲಗೆ ಹಿಂದೆ ಬಂತು. ಡ್ರೈವರ್ ಕಿಂಡಿಯಿಂದ ತಲೆ ಮೇಲೆತ್ತಿ ತನ್ನ ಬಾವನನ್ನು ನೋಡಿದ. ಬಾವನ ಕೆನ್ನೆ ಕವಳದಿಂದ ಉಬ್ಬಿತ್ತು, ತುಟಿ ಮುಚ್ಚಿತ್ತು. ಆ ಬಾಯಿಂದ ಯಾವ ಮಾತೂ ಬರುವಂತಿರಲಿಲ್ಲ. ಡ್ರೈವರನ ಕಣ್ಣು ಅಲ್ಲಿಂದ ನನ್ನ ಕಡೆಗೆ ಬಂತು, ಮತ್ತೆ ಅವರ ಬಾಯಿಗೆ ಹೋಯಿತು, ಮತ್ತೆ ನನಗೆ. ತಾಂಡೇಲರ ದವಡೆ ಆಡುವುದನ್ನು ನಿಲ್ಲಿಸಿತ್ತು.

ಅಷ್ಟರಲ್ಲಿ ಪೆಟ್ಟಿಗೆ ಬೀಪ್ ಎಂದಿತು. ಪರದೆಯ ಮೇಲೆ ನಮ್ಮ ಕರಾವಳಿಯ ಗೆರೆ ಎದ್ದಿತು, ಆಮೇಲೆ ಒಂದೊಂದಾಗಿ, ಮಳೆ ಹನಿ ಬಿದ್ದ ಹಾಗೆ, ಕೆಂಪು ಪಾಯಿಂಟುಗಳು. ಅದನ್ನು ನೋಡಲೆಂದೇ ನಾವು ಮೂವರೂ ಅಲ್ಲಿ ಇದ್ದದ್ದು. ಒಬ್ಬರೂ ಅದರ ಕಡೆ ತಿರುಗಲಿಲ್ಲ; ನನಗೂ ಓರೆಗಣ್ಣಿಗೆ ಕಂಡದ್ದಷ್ಟೆ.

ತಾಂಡೇಲರು ಬಾಗಿಲಿನಿಂದ ಹೊರಗೆ ಬಾಗಿ ಹೊಳೆಗೆ ಕವಳ ಉಗುಳಿದರು. ಬಾಯಿ ಒರೆಸಿಕೊಂಡರು. ಹೊಡೆತಕ್ಕೆ ನಾನು ಮುಖ ಸಿದ್ಧ ಮಾಡಿಕೊಂಡೆ. ದಿನಾ ಮೇನ್ ಕಿತ್ತದ್ದಕ್ಕೇ ಈ ಪೆಟ್ಟಿಗೆ ಮೊದಲಿಂದ ಹಾಳಾಗುತ್ತಿತ್ತು ಎಂದು ಕುಮಟಾದಲ್ಲಿ ತಯಾರು ಮಾಡಿಟ್ಟಿದ್ದ ವಾದ ಒಂದಿತ್ತಲ್ಲ, ಅದು ನಾಲಗೆಯವರೆಗೆ ಬಂದು, ಆ ಚೀಲವನ್ನು ನೋಡಿ ವಾಪಸು ಹೋಯಿತು.

ಅವರು ಹೊಡೆಯಲಿಲ್ಲ. ಚೀಲವನ್ನು ಎತ್ತಿ ಒಳಗೆ ಇಟ್ಟರು. ನನಗೆ ಹೇಳಿದ್ದು ಇಷ್ಟೇ: 'ಮನೆಲಿ ಅಕ್ಕ ಇವನ ಹತ್ರ ಮಾತು ಬಿಟ್ಟು ಕೂತಿದ್ದಾಳೆ. ನಾ ಹೇಳೂದಿಲ್ಲ, ಇವನೂ ಹೇಳೂದಿಲ್ಲ. ನೀನೇ ಹೋಗಿ ಹೇಳು.'

ಅವರ ಮನೆ ಧಕ್ಕೆಯ ಹಿಂದೆಯೇ, ಮರಳಿನ ದಾರಿಯ ಕೊನೆಗೆ. ಹೋಗುತ್ತ ಆ ಮಾತನ್ನು ಹಲವು ಬಗೆಯಲ್ಲಿ ಹೇಳಿ ನೋಡಿದೆ. ಒಂದು ಸಲ ಅಪ್ಪನ ಪುಸ್ತಕದ ಕನ್ನಡ ಬಂತು, ಒಂದು ಸಲ ಭಟ್ಕಳದ ಭಾಯಿಯ ನಿಧಾನ ಬಂತು. ಐಸಿ ಹೋಗಿದೆ ಎನ್ನುವ ಡಾಕ್ಟರೂ ಒಮ್ಮೆ ಇಣುಕಿದ. ಹಿಂದಿನಿಂದ ಮರಳಿನಲ್ಲಿ ಹೆಜ್ಜೆ ಕೇಳುತ್ತಿತ್ತು. ಡ್ರೈವರ್ ಬರುತ್ತಿದ್ದ, ನನ್ನನ್ನು ಹಿಂದೆ ಹಾಕುವ ಅವಸರವಿಲ್ಲದೆ.

ಅಕ್ಕ ಅಂಗಳದ ತಗಡಿನ ಮಾಡಿನ ಕೆಳಗೆ ಕೂತು ಒಣಮೀನನ್ನು ತಿರುವಿ ಹಾಕುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

'ಅಕ್ಕಾ' ಎಂದೆ. 'ಅವ ಕುಡ್ದಿರ್ಲಿಲ್ಲ. ಅವನ ಕಿವಿನೂ ಸರಿ ಅದೆ. ತಾಂಡೇಲ್ರ ದನಿ ಮಾಡಿ ಕೂಗಿದ್ದು ನಾನು. ಕೇಳ್ದಾಗ ಸುಳ್ಳು ಹೇಳ್ದೆ. ನಿನ್ನ ಹತ್ರನೂ.'

ಅವಳು ಕೈಯಲ್ಲಿದ್ದ ಮೀನನ್ನು ಚಾಪೆಯ ಮೇಲೆ ಸರಿಯಾಗಿ ಮಲಗಿಸಿದಳು. ನನ್ನ ಭುಜದ ಮೇಲಿನಿಂದ, ಬೇಲಿಯ ಹತ್ತಿರ ನಿಂತಿದ್ದ ತಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ಹೇಳಿದಳು:

'ಇದು ಯಾರ ದನಿಯಾ ತಮಾ? ನಿಂದೇ ಆದ್ರೆ, ಹಿಂದೆ ತಿರ್ಗಿ ನಿಂತ್ಕಂಡು ಇನ್ನೊಂದ್ಸಲ ಹೇಳು. ನಂಗಲ್ಲ, ಅವಂಗೆ.'